ಒರೆಸಿದ ನೆಲದ ನೀಲಿ ಬೆಳಕು

ಪ್ರೀತಿಯ ಅಕ್ಕಾ,

ನಿನ್ನೆ ನಿನ್ನ ಅಡುಗೆಮನೆಯಲ್ಲಿ ಟೀ ಕುಡಿಯುವಾಗ ನಾನು ಕಾಲನ್ನು ಕುರ್ಚಿಯ ಮೇಲಕ್ಕೆ ಎತ್ತಿಕೊಂಡು ಕೂತಿದ್ದೆ. "ಯಾಕೇ ಹಾಗ್ ಕೂತಿದೀಯ? ನೆಲ ಒಣಗಿದೆ ಕಣೇ," ಅಂದೆ ನೀನು. ನಾನು ಏನೋ ಹೇಳಿ ತೇಲಿಸಿಬಿಟ್ಟೆ. ನಿಜ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ. ಆದರೆ ನಿಜ ಯಾವುದು ಅನ್ನುವುದೇ ನನಗೆ ತಿಳಿಯುತ್ತಿಲ್ಲ. ತಲೆಯೆಲ್ಲ ಕಲಸುಮೇಲೋಗರ.

ತಂಗಿ ಅಪರಾಧ ಪತ್ತೆಯ ಲ್ಯಾಬಿನಲ್ಲಿ ರಸಾಯನಶಾಸ್ತ್ರಜ್ಞೆ ಅಂತ ಊರಿಗೆಲ್ಲ ಹೇಳಿಕೊಂಡು ಬಂದವಳು ನೀನು. ಮನೆಯವರಿಗೆ ಮಾತ್ರ ನಾನು 'ಕಲೆ ಡಾಕ್ಟರು'. ಅಂಗಿಗೆ ಶಾಯಿ ಬಿದ್ದರೂ ಫೋನು, ಸೋಫಾಗೆ ಎಣ್ಣೆ ಚೆಲ್ಲಿದರೂ ಫೋನು. ಕೊಲೆ ಕೇಸಿನ ಚಾಕುವನ್ನು ಮುಂದಿಟ್ಟುಕೊಂಡೇ ಚಿಕ್ಕಮ್ಮನ ಪರದೆಗೆ ಮದ್ದು ಹೇಳಿದ್ದೇನೆ. ಹಾಗಾಗಿ ಅವತ್ತು ನೀನು ಫೋನ್ ಮಾಡಿ, "ಅಡುಗೆಮನೆ ನೆಲದ್ ಮೇಲಿನ ಕಲೆ ಏನ್ ಮಾಡಿದ್ರೂ ಹೋಗ್ತಿಲ್ವಲ್ಲೇ, ಡಾಕ್ಟ್ರೇ," ಅಂದಾಗ ನನಗೇನೂ ಅನಿಸಲಿಲ್ಲ. ಮೊದಲು ತಣ್ಣೀರಲ್ಲಿ ಒರೆಸು, ಆಮೇಲೆ ಬ್ಲೀಚಿಂಗ್ ಪೌಡರ್ ಕಲಸಿ ಹಾಕಿ ನೆನೆಯಲು ಬಿಡು ಅಂದೆ. ಯಾವ ಕಲೆ ಅಂತ ಕೇಳಲಿಲ್ಲ. ಬೇರೆಯವರ ಮನೆಯ ಒಂದು ಚುಕ್ಕೆಗೂ ನೂರು ಪ್ರಶ್ನೆ ಹಾಕುವವಳು ನಾನು!

ವಾರ ಕಳೆಯುವುದರೊಳಗೆ, ಭಾವ ಕಾಣೆಯಾಗಿದ್ದಾರೆಂದು ಅವರ ತಮ್ಮ ದೂರು ಕೊಟ್ಟರು. ಭಾವ ಮುನಿಸಿಕೊಂಡು ಮನೆ ಬಿಟ್ಟು ಹೋಗುವುದು ಹೊಸದಲ್ಲ, ನಿನ್ನ ಮೇಲೆ ಕೈಮಾಡುವುದೂ ಹೊಸದಲ್ಲ. ಆದರೆ ಈ ಸಲ ಫೋನೂ ಬಂದ್. ನಿನ್ನ ತಂಗಿಯೆಂದು ನನ್ನನ್ನು ಈ ಕೇಸಿನಿಂದ ದೂರ ಇಟ್ಟರು. ನನ್ನ ಸಹೋದ್ಯೋಗಿ ನಿನ್ನ ಅಡುಗೆಮನೆಯ ಕಿಟಕಿ ಮುಚ್ಚಿ, ಕತ್ತಲು ಮಾಡಿ, ಲ್ಯೂಮಿನಾಲ್ ಸಿಂಪಡಿಸಿದರು. ಒರೆಸಿಹಾಕಿದ ರಕ್ತವಿದ್ದರೂ ಆ ದ್ರಾವಣ ನೀಲಿಯಾಗಿ ಹೊಳೆಯುತ್ತದೆ. ನೆಲಕ್ಕೆ ನೆಲವೇ ಹೊಳೆಯಿತಂತೆ. ಆದರೆ ಅಕ್ಕಾ, ಬ್ಲೀಚಿಂಗ್ ಪೌಡರಿಗೂ ಅದು ಹೊಳೆಯುತ್ತದೆ.

ಕೊನೆಗೆ ವರದಿ ಬಂತು, ರಕ್ತ ಪತ್ತೆಯಾಗಿಲ್ಲ ಅಂತ. ಅಮ್ಮ ಅತ್ತಳು, ನೀನೂ ಅತ್ತೆ, ನಾನೂ. "ಹೊಳೆದಿದ್ದೆಲ್ಲ ಬ್ಲೀಚಿಂಗ್ ಪೌಡರ್ದೇ ಇರ್ಬೇಕು. ನಿಮ್ಮಕ್ಕಂಗೆ ಶುಚಿ ಸ್ವಲ್ಪ ಜಾಸ್ತಿ," ಅಂತ ಸಹೋದ್ಯೋಗಿ ನಕ್ಕರು. ನಾನೂ ನಕ್ಕೆ. ಮನೆಗೆ ಬರುವಷ್ಟರಲ್ಲಿ ನಗು ಹಾರಿಹೋಗಿತ್ತು. ಭಾವನ ಸುಳಿವು ಇನ್ನೂ ಇಲ್ಲ. ಪತ್ತೆಯಾಗಿಲ್ಲ ಅಂದರೆ ಇರಲೇ ಇಲ್ಲ ಅಂತಲ್ಲ. ರಕ್ತವಿದ್ದರೂ ಗುರುತು ಸಿಗದ ಹಾಗೆ ಕೆಡಿಸಬಲ್ಲದ್ದು ಅದೇ ಪುಡಿ. ಅದನ್ನು ಹೇಳಿಕೊಟ್ಟವಳು ನಾನೇ.

ಬೆಳಿಗ್ಗೆ ಎದ್ದಾಗ, ಛೆ, ಜಿರಲೆಯನ್ನೂ ಹೊಡೆಯದೆ ಪೊರಕೆಯಲ್ಲಿ ಆಚೆ ದಾಟಿಸುವವಳು ನಮ್ಮಕ್ಕ ಅನಿಸುತ್ತದೆ. ಹಲ್ಲುಜ್ಜುವಷ್ಟರಲ್ಲಿ ನಿನ್ನ ತೋಳಿನ ಬಾಸುಂಡೆ ನೆನಪಾಗಿ, ಮಾಡಿದ್ದರೂ ತಪ್ಪೇನು ಅನಿಸುತ್ತದೆ. ಹಾಗೆ ಅನಿಸಿದ್ದಕ್ಕೆ ನನ್ನ ಮೇಲೇ ಹೇಸಿಗೆ. ಕತ್ತಲಿಗೆ ಹೆದರುತ್ತೇನೆಂದು ಚಿಕ್ಕಂದಿನಲ್ಲಿ ನನ್ನ ಮಂಚದ ಪಕ್ಕ ಬರೀ ನೆಲದಲ್ಲಿ ಮಲಗುತ್ತಿದ್ದವಳನ್ನು ನಾನು ಹೀಗೆ ತೂಗಿ ನೋಡುತ್ತಿದ್ದೇನಲ್ಲ, ನನಗೇನಾಗಿದೆ?

ಅವತ್ತೇ ಕೇಳಬೇಕಾಗಿದ್ದದ್ದನ್ನು ಈಗ ಕೇಳುತ್ತೇನೆ. ಅದು ಯಾವ ಕಲೆ? ಕಾಫಿಯೋ ತುಕ್ಕೋ ಆಗಿದ್ದರೆ ಬಾಯಿಗೆ ಬಂದಂತೆ ಬೈ, ಬಂದು ಕಾಲು ಹಿಡಿಯುತ್ತೇನೆ. ಬೇರೆಯದಾಗಿದ್ದರೆ, ಇಷ್ಟು ತಿಳಿದುಕೊಂಡೇ ಹೇಳು: ನಾನು ಕೋರ್ಟಿನಲ್ಲಿ ನಿಂತು ಪ್ರಮಾಣ ಮಾಡುವ ಕೆಲಸದವಳು, ನನಗೆ ಹೇಳಿದರೆ ಠಾಣೆಗೆ ಹೇಳಿದ ಹಾಗೆಯೇ. ಮತ್ತೆ ಯಾಕೆ ಕೇಳುತ್ತಿದ್ದೇನೆ? ಗೊತ್ತಿಲ್ಲ. ಹೇಳಬೇಡ ಅಂತ ಬರೆಯಲೂ ಕೈ ಹೋಗುತ್ತದೆ. ಆದರೆ ನಿನ್ನ ಮನೆಯಲ್ಲಿ ನನಗೆ ಮತ್ತೆ ಕಾಲು ಕೆಳಗಿಟ್ಟು ಕೂರಬೇಕು, ಅಕ್ಕಾ. ಠಾಣೆಗೆ ಹೋಗುವುದೇ ಆದರೆ ನಿನ್ನ ಕೈ ಹಿಡಿದುಕೊಂಡೇ ಬರುತ್ತೇನೆ. ಅಲ್ಲಿ ಹೋದ ಮೇಲೂ ಬಿಡುವುದಿಲ್ಲ.

ಉತ್ತರ ಯಾವುದೇ ಇರಲಿ, ನೀನು ಚೆನ್ನಾಗಿರು.

ನಿನ್ನ,
ಕಲೆ ಡಾಕ್ಟರು