ಕಂಪನಿ ಅಂಗಿ ಹಾಕ್ಕೋಬ್ಯಾಡ್ರಿ

ಏನ್ರೀ,

ಮೆಸ್ಸಿಗೆ ಚಪಾತಿ ಮಾಡಾಕ ಹೊಂಟೀನಿ. ನಿಮ್ಮನ್ನ ಎಬ್ಬಿಸಲಿಲ್ಲ.

ನಿರುದ್ಯೋಗ ಭತ್ತೆದ ಅರ್ಜಿ ಮೂರನೇ ಸಲ ವಾಪಸ್ ಬಂದದ. ಮೊದಲನೇ ಸಲ ಆಧಾರ್ ಕಾರ್ಡಿನಾಗ ದೇವಾನಂದ, ಪಾಸ್‌ಬುಕ್ಕಿನಾಗ ದೇವಣ್ಣ ಅಂತ ಇತ್ತು. ಎರಡನೇ ಸಲ, ಕೆಲಸದಿಂದ ತಗದ ಕಂಪನೀದೇ ಸಹಿ ಬೇಕಂದ್ರು. ಅವೆರಡು ಹಣೆಬರಹ, ಬಿಡ್ರಿ. ಈ ಸಲದ್ದು ಮಾತ್ರ ನಿಮ್ಮದ ತಪ್ಪು. ‘ಈಗ ಏನು ಮಾಡುತ್ತೀರಿ’ ಅಂತ ಕೇಳಿದಲ್ಲಿ ‘ಕಂಪನಿ ನೌಕರಿ’ ಅಂತ ಬರದೀರಿ! ಬಾಜೂಕ ನಿಮ್ಮ ಅವ್ವ ಕುಂತಿದ್ರಲ್ಲ, ಓದಿಬಿಟ್ಟಾರು ಅಂತ ಅಂಜಿಕಿ. ಆ ಕ್ಲಾರ್ಕ ನಕ್ಕೋತ, “ವೈನಿ, ನೌಕರಿ ಇದ್ದವರಿಗೂ ಭತ್ತೆ ಕೊಡೂದಾದ್ರ ನಾನೂ ಒಂದು ಫಾರ್ಮ ತುಂಬತೀನಿ” ಅಂದ.

ಹೊಸ ಫಾರ್ಮ ದೇವರ ಫೋಟೋದ ಹಿಂದ ಇಟ್ಟೀನಿ. ‘ಕೆಲಸ ಇಲ್ಲ’ ಅಂತ ದೊಡ್ಡ ಅಕ್ಷರದಾಗ ಬರೀರಿ. ಹತ್ತಕ್ಕ ಆಫೀಸ್ ತಗೀತದ, ಕೊಟ್ಟು ಬರ್ರಿ. ಕಂಪನಿ ಅಂಗಿ ಮಾತ್ರ ಹಾಕ್ಕೋಬ್ಯಾಡ್ರಿ. ಎದಿ ಮ್ಯಾಲೆ ಕಂಪನಿ ಹೆಸರು ಹೊತ್ಕೊಂಡು ನಿಂತು ನೌಕರಿ ಹೋಗ್ಯದ ಅಂದ್ರ ಯಾರು ನಂಬತಾರ?

ಇವತ್ತ ಡಬ್ಬಿ ಕಟ್ಟಿಲ್ಲ. ದಿನಾ ಡ್ಯೂಟಿಗೆ ಹೊಂಟೀನಿ ಅಂತ ಹೇಳಿ ಬಸ್ ಸ್ಟ್ಯಾಂಡಿನಾಗ ಕುಂತು ಉಂಡದ್ದು ಸಾಕು. ಮನ್ಯಾಗ, ಅವ್ವನ ಎದುರಿಗೆ ಕುಂತು ಉಣ್ರಿ.

ಗೊತ್ತಾದ್ರ ಅವರ ಎದಿ ಒಡೀತದ ಅಂತ ಅಂಜಬ್ಯಾಡ್ರಿ. ಆರು ತಿಂಗಳಿಂದ ಅವರಿಗೆ ಗೊತ್ತದ, ನಿಮ್ಮ ಅಂಗಿಗೆ ಕುರಕುಂಭದ ಕಾರ್ಖಾನಿ ಕೆಮಿಕಲ್ ವಾಸನಿ ಬರೂದು ನಿಂತಾಗಿನಿಂದ. ನಿಮ್ಮ ಮಾರಿ ಸಣ್ಣದಾಗಬಾರದು ಅಂತ ಹೊಲಸೇ ಆಗದ ಅಂಗೀನ ದಿನಾ ತಿಕ್ಕಿ ಒಗ್ಯಾಕತ್ತಾರ.

ಶಿವಕಾಂತಾ