ಕೇಳುವವರು ಎದ್ದು ಹೋಗುವ ಮೊದಲು

ನವೆಂಬರ್ 11, ಜಾಲಹಳ್ಳಿ

ಇವತ್ತಿನ ಆರೋಗ್ಯ ಶಿಬಿರದಲ್ಲೂ ಅದೇ. ಅತಿಥಿಗಳಿಗೆ ಶಾಲು, ಹಾರ, ಅವರ ಭಾಷಣ... ಕೊನೆಗೆ ನನ್ನ ಪಾಳಿ. ಗರ್ಭಕಂಠದ ಕ್ಯಾನ್ಸರ್ ಎಂದು ಬಾಯಿ ತೆರೆದೆ, ಎಲ್ಲರ ಮುಖ ಸೆರಗಿನೊಳಗೆ. ಅಷ್ಟರಲ್ಲಿ ಪಂಚಾಯತಿಯ ಹಂಪಯ್ಯ ಮಂಡಾಳು ಒಗ್ಗರಣೆ, ಮಿರ್ಚಿ ಹಂಚಿಸಿಬಿಟ್ಟ. ತಿಂದು ಕೈ ತೊಳೆಯಲು ಹೋದವರು ಹಾಗೇ ಬಸ್‌ಸ್ಟ್ಯಾಂಡಿಗೆ. ಪಕ್ಕದ ಕೋಣೆಯಲ್ಲಿ ತಪಾಸಣೆ ಮಾಡಲು ನರ್ಸ್ ನಗ್ಮಾ ಕಾದು ಕೂತಿದ್ದಳು. ಒಬ್ಬರೂ ಹೋಗಲಿಲ್ಲ.

"ಮಂದಿ ಬರ್ಲಿ ಅಂತ ನಾಷ್ಟಾ ಮಾಡ್ಸೀವ್ರಿ ಮೇಡಂ," ಅಂದ ಹಂಪಯ್ಯ.

ಬಂದರಪ್ಪ. ಮಿರ್ಚಿಗೆ ಬಂದರು.

ನವೆಂಬರ್ 12, ರಾಯಚೂರು ಆಫೀಸು

ಶಿವರಾಜ ಸರ್ ಕ್ಲಾಸು ತಗೊಂಡರು. "ಮಂದೀನ ಹಿಡಿದಿಡ್ಬೇಕ್ರಿ ಸುಜಾತಾ. ಜೋಕ್ ಹೇಳ್ರಿ. ಗೇಮ್ ಆಡಸ್ರಿ."

ಗರ್ಭಕೋಶದ ಮೇಲೆ ಯಾವ ಜೋಕು ಹೇಳಲಿ?

ಇದೇ ಕ್ಯಾನ್ಸರಿಗೆ ತೀರಿಕೊಂಡ ಅರಕೇರಾದ ಆ ಹೆಣ್ಣುಮಗಳು ಕಣ್ಣಮುಂದೆ ಬರುತ್ತಾಳೆ. ಹೋದ ವರ್ಷವೇ ತಪಾಸಣೆ ಮಾಡಿಸಿದ್ದರೆ ಉಳಿಯುತ್ತಿದ್ದಳೇನೋ. ನನ್ನ ಭಾಷಣಕ್ಕೆ ಬಂದಿದ್ದಳಂತೆ. ನಡುವೆ ಎದ್ದು ಹೋದಳಂತೆ. ಇದನ್ನು ಯಾರಿಗೆ ಹೇಳುವುದು?

ನವೆಂಬರ್ 18, ದೇವದುರ್ಗ

ಆಡಿಸಿದೆ. ಬಲೂನು, ಮ್ಯೂಸಿಕಲ್ ಚೇರ್, ಎಲ್ಲ. ನಕ್ಕು ನಕ್ಕು ಸುಸ್ತಾದರು. ಗೆದ್ದ ಬಸವಂತಮ್ಮನಿಗೆ ಸ್ಟೀಲ್ ಡಬ್ಬಿ. ಈಗ ತಪಾಸಣೆಗೆ ನಡೆಯಿರಿ ಅಂದೆ.

"ಚಲೋ ನಗ್ಸಿದ್ರಿ ಯವ್ವಾ, ಮತ್ತ ಬರ್ರಿ," ಅಂದಳು, ಡಬ್ಬಿ ಬಗಲಿಗಿಟ್ಟು ಹೊರಟೇಬಿಟ್ಟಳು. ಅವಳ ಹಿಂದೆ ಎಲ್ಲರೂ.

ಫೋಟೊ ನೋಡಿ ಶಿವರಾಜ ಸರ್ ಥಂಬ್ಸಪ್ ಕಳಿಸಿದ್ದಾರೆ. ಫೋನ್ ಎತ್ತಿ ಒಗೆಯಬೇಕೆನಿಸಿತು.

ನವೆಂಬರ್ 20, ಮಾನ್ವಿ, ಮಧ್ಯಾಹ್ನ

ಕರೆಂಟಿಲ್ಲ. ಮೈಕಿಲ್ಲ, ಸ್ಲೈಡಿಲ್ಲ. ಎರಡು ಮಾತಾಡುವಷ್ಟರಲ್ಲಿ ಹಿಂದಿನವರು ಚಪ್ಪಲಿ ಹುಡುಕತೊಡಗಿದರು. ಸಿಟ್ಟು ತಡೆಯಲಾಗಲಿಲ್ಲ.

"ಹೋಗ್ರಿ! ನಿಮ್ಮ ಜೀವ, ನಿಮ್ಮಿಷ್ಟ. ನನಗೇನ್ ಆಗ್ಬೇಕಾಗ್ಯದ?" ಕಿರುಚಿಬಿಟ್ಟೆ.

ಮುಂದೆ ಕೂತಿದ್ದ ಬಿಸ್ಮಿಲ್ಲಾ ಬೀ, ಅಕ್ಕಿ ಗಿರಣಿಯಲ್ಲಿ ದುಡಿಯುವಾಕೆ, ತಣ್ಣಗೆ ಕೇಳಿದಳು: "ಸಿಟ್ಟಾಗಬ್ಯಾಡ್ರಿ ಮೇಡಂ. ಒಂದ್ ಮಾತ್ ಕೇಳ್ತೀನಿ. ಈ ತಪಾಸಣಿ ನೀವು ಮಾಡಿಸ್ಕೊಂಡೀರೇನ್ರಿ?"

ಚಪ್ಪಲಿ ಹುಡುಕುತ್ತಿದ್ದವರು ಹಾಗೇ ನಿಂತರು. ಇಷ್ಟು ವರ್ಷ ಮಾತಾಡಿದ್ದೇನೆ, ನನ್ನ ಉತ್ತರಕ್ಕೆ ಯಾರೂ ಹೀಗೆ ಕಾದಿರಲಿಲ್ಲ. ಹೂಂ ಅಂದುಬಿಡಬಹುದಿತ್ತು...

"ಇಲ್ಲ," ಅಂದೆ. "ನನಗ ಹೆದ್ರಿಕಿ."

"ಹಂಗ ಹೇಳ್ರಿ ಮತ್ತ! ನಮಗೂ ಅದ," ಅಂದಳು ಬಿಸ್ಮಿಲ್ಲಾ ಬೀ. ಮೊಣಕಾಲು ಹಿಡಿದುಕೊಂಡು ಎದ್ದಳು. "ನಡೀರಿ. ನೀವು ಮುಂದ, ನಿಮ್ಮ ಹಿಂದ ನಾ."

ಅದೇ ದಿನ, ಸ್ವಲ್ಪ ಹೊತ್ತಿನ ನಂತರ

ತಪಾಸಣೆ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು ಗೀಚುತ್ತಿದ್ದೇನೆ. ಕೈಗೆ ಬೇರೆ ಕೆಲಸ ಬೇಕು. ನನ್ನ ಹಿಂದಿನ ಸಾಲು ಬಾಗಿಲಾಚೆ ಅಂಗಳದವರೆಗೆ ಹೋಗಿದೆ. ಒಬ್ಬರೂ ಕದಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಓಡಿಹೋಗಬೇಕೆನಿಸುತ್ತಿದೆ. ನಾನು ಎದ್ದು ಹೋದರೆ ಇವರೆಲ್ಲ ಹೋದ ಹಾಗೆಯೇ.

ನಗ್ಮಾ ಬಾಗಿಲು ತೆಗೆದಳು. "ಬರ್ರಿ ಅಕ್ಕಾರ," ಅಂತಿದ್ದಾಳೆ. ಬಿಸ್ಮಿಲ್ಲಾ ಬೀ ನನ್ನ ಬೆನ್ನಿಗೆ ಕೈ—