ಅಂಗೈ ಮೇಲಿನ ಲಿಂಗ

ಭಾಲ್ಕಿ

ಔರಾದದ ತಮ್ಮ ಬಂಡೆಪ್ಪನಿಗೆ ಅಕ್ಕನ ಶರಣಾರ್ಥಿ.

ಮಗಳ ಬಾಣಂತನ ಮುಗಿಸಿ ಮಾರಿಷಸ್‌ನಿಂದ ಬಂದೆ. ಅಲ್ಲಿ ಹಿಡಿದ ಚಿಕೂನ್‌ಗುನ್ಯಾ ಜ್ವರ ಬಿಟ್ಟರೂ ಕೀಲುನೋವು ಬಿಟ್ಟಿಲ್ಲ. ಎಂದು ಹೋಗುತ್ತದೋ, ಡಾಕ್ಟರೂ ಹೇಳುತ್ತಿಲ್ಲ.

ನಿನ್ನೆ ಪೂಜೆಯಲ್ಲಿ ಎಡಗೈ ಬೆರಳು ಮಡಚಲಾಗದೆ ಇಷ್ಟಲಿಂಗ ಜಾರಿ ಮಡಿಲಿಗೆ ಬಿತ್ತು. ನೆಲಕ್ಕೆ ಬಿದ್ದಿದ್ದರೆ? ಇಂದು ಹೆದರಿ ಲಿಂಗವನ್ನು ಕೊರಳಿನಿಂದ ತೆಗೆಯಲೇ ಇಲ್ಲ. ಪೂಜೆಯಿಲ್ಲದೆ ಊಟ ಹೇಗೆ ಮಾಡಲಿ? ನಿನ್ನ ಭಾವನಿಗೆ ಏನೂ ಗೊತ್ತಿಲ್ಲ. “ಯಾಕ, ವಿಮಾನದಾಗ ತಿಂದದ್ದು ಇನ್ನಾ ಕರಗಿಲ್ಲೇನು?” ಎಂದು ನಗುತ್ತಾರೆ. ಅವರೆದುರು ಫೋನಿನಲ್ಲಿ ಹೇಳಲಾರದೆ ಬರೆದು ಕಳಿಸಿದ್ದೇನೆ.

ನಿಮ್ಮ ಮಠದ ಅಯ್ಯನವರನ್ನು ಕೇಳು, ನನ್ನ ಅಂಗೈ ಕೆಳಗೆ ಇನ್ನೊಬ್ಬರು ಕೈಯಿಟ್ಟು ಹಿಡಿದರೆ ನಡೆಯುತ್ತದೆಯೇ? ನನ್ನ ಹೆಸರು ಹೇಳಬೇಡ. ನಡೆಯುತ್ತದೆ ಎಂದರೆ ಉತ್ತರ ಬರೆಯುತ್ತ ಕೂರದೆ ನೀನೇ ಬಾ.

ನನಗೆ ನನ್ನ ಕೈಯದೇ ಭಯ.

ನಿನ್ನಕ್ಕ,
ಗುಂಡಮ್ಮ